ಕೂಸಿಗೆ ಜೋಳದ ಮೆತ್ತನೆ ಪ್ಯಾನ್‌ಕೇಕ್: ಎಸರು ಹಾಕುವುದರಿಂದ ತಿನ್ನಿಸುವವರೆಗೆ

ಸಣ್ಣ ಮಕ್ಕಳಿಗೆ ಪ್ಯಾನ್‌ಕೇಕ್ ಮಾಡುವ ವಿಧಾನ ಹುಡುಕಿದರೆ ಸಿಗುವುದೆಲ್ಲ ಮೈದಾ, ಓಟ್ಸ್, ಬೇಕಿಂಗ್ ಪೌಡರ್, ಸಕ್ಕರೆಯ ಲೆಕ್ಕ. ಕಲಬುರಗಿ, ಬೀದರ್, ಯಾದಗಿರಿಯ ಮನೆಗಳ ಡಬ್ಬಿಯಲ್ಲಿ ಇರುವುದು ಜೋಳದ ಹಿಟ್ಟು. ಮೈದಾ ಇದ್ದ ಜಾಗಕ್ಕೆ ಅಷ್ಟೇ ಜೋಳದ ಹಿಟ್ಟು ಹಾಕಿ, ತಣ್ಣೀರಲ್ಲಿ ಕಲಸಿ ಹಂಚಿಗೆ ಬಿಟ್ಟರೆ ತಿರುವಿ ಹಾಕುವಾಗ ಮುರಿಯುತ್ತದೆ. ಬಾಯಿಗಿಟ್ಟರೆ ಉದುರುದುರಾಗಿ ಗಂಟಲಿಗೆ ಒತ್ತುತ್ತದೆ. ಆಗ ಜೋಳ ಕೂಸಿಗೆ ಆಗಿಬರುವುದಿಲ್ಲ ಎಂದುಕೊಂಡು ಮನೆಯವರು ಮತ್ತೆ ಮೈದಾಕ್ಕೆ, ಇಲ್ಲವೇ ಅಂಗಡಿಯ ಬಿಸ್ಕೀಟಿಗೆ ಹೋಗುತ್ತಾರೆ. ಜೋಳದಲ್ಲಿ ತಪ್ಪಿಲ್ಲ. ರೊಟ್ಟಿ ಬಡಿಯುವ ಪ್ರತಿಯೊಬ್ಬರಿಗೂ ಗೊತ್ತಿರುವ ಒಂದು ಹೆಜ್ಜೆ ಇಲ್ಲಿ ಬಿಟ್ಟುಹೋಗಿರುತ್ತದೆ. ಅದು ಎಸರು, ಎಂದರೆ ಹಿಟ್ಟಿಗೆ ಹಾಕುವ ಕುದಿಯುವ ನೀರು.

ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನು ಇರುವುದರಿಂದ ಅದರ ಹಿಟ್ಟು ತಣ್ಣೀರಿನಲ್ಲೂ ಕೂಡಿಕೊಳ್ಳುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಪಿಷ್ಟ ಬಿಸಿನೀರಿನಲ್ಲಿ ಉಬ್ಬಿ ಅಂಟಾದಾಗ ಮಾತ್ರ ಹಿಟ್ಟು ಕೂಡುತ್ತದೆ. ಹಾಗೆ ಉಬ್ಬಲು ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಬೇಕು. ಉಗುರುಬೆಚ್ಚಗಿನ ನೀರು ಸಾಲದು, ಕುದಿಯುವ ನೀರೇ ಆಗಬೇಕು. ರೊಟ್ಟಿಗೆ ಎಸರು ಹಾಕಿ ನಾದುವುದು ಇದಕ್ಕೇ. ಕೂಸಿನ ಪ್ಯಾನ್‌ಕೇಕಿಗೂ ಇದೇ ನಿಯಮ ಎಂದು ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ. ಸೋಡಾ ಬೇಡ, ಮೈದಾ ಬೇಡ, ಸಕ್ಕರೆಯೂ ಬೇಡ.

ಯಾವ ವಯಸ್ಸಿಗೆ

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ತುಂಬಿದ ಕೂಡಲೇ ಕೈಗೆ ಪ್ಯಾನ್‌ಕೇಕ್ ಕೊಡುವುದೂ ಬೇಡ. ಮೊದಲ ಕೆಲವು ವಾರ ಚಮಚದಿಂದ ಜಾರದಷ್ಟು ಗಟ್ಟಿಯಾದ ಗಂಜಿ, ಕಿವುಚಿದ ಬೇಳೆ ಅನ್ನ, ಕಿವುಚಿದ ಹಣ್ಣು ತಿಂದು ರೂಢಿಯಾಗಲಿ. ಏಳೆಂಟು ತಿಂಗಳ ಹೊತ್ತಿಗೆ ಕೂಸು ಆಸರೆಯಿಲ್ಲದೆ ಕೂಡುತ್ತಿದ್ದರೆ, ತಲೆ ನೆಟ್ಟಗೆ ನಿಲ್ಲುತ್ತಿದ್ದರೆ, ಕೈಗೆ ಸಿಕ್ಕಿದ್ದನ್ನು ತಾನೇ ಬಾಯಿಗೆ ಒಯ್ಯುತ್ತಿದ್ದರೆ ಮೆತ್ತನೆ ಪ್ಯಾನ್‌ಕೇಕ್ ಶುರು ಮಾಡಬಹುದು. ಹಲ್ಲು ಬಂದಿರಲೇಬೇಕೆಂದಿಲ್ಲ. ಈ ಹದದ್ದನ್ನು ಒಸಡಿನಲ್ಲೇ ಅರೆದು ನುಂಗುತ್ತವೆ.

ಅವಧಿಗೆ ಮುಂಚೆ ಹುಟ್ಟಿದ ಕೂಸು, ತೂಕ ಏರದ ಕೂಸು, ನುಂಗಲು ತ್ರಾಸು ಪಡುವ ಕೂಸು ಇದ್ದರೆ ಮಕ್ಕಳ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಹಿಟ್ಟು, ನೀರು, ಹಂಚು

ಹಿಂಗಾರಿನ ಬಿಳಿಜೋಳ, ಮಾಲದಂಡಿಯಂಥದ್ದು, ಇದಕ್ಕೆ ಒಳ್ಳೆಯದು. ರುಚಿ ಸಿಹಿ, ಒಗರು ಕಡಿಮೆ. ಮಳೆಗೆ ಸಿಕ್ಕು ಕಪ್ಪಾದ ಜೋಳವನ್ನು ಕೂಸಿನ ಹಿಟ್ಟಿಗೆ ಬಳಸಲೇಬೇಡಿ, ಅದರಲ್ಲಿ ಬೂಷ್ಟು ಕೂತಿರುತ್ತದೆ. ಗಿರಣಿಯಲ್ಲಿ ಬೀಸಿಸುವಾಗ ನುಣ್ಣಗೆ ಹೇಳಿ. ಕಡಲೆಬೇಳೆಯನ್ನೋ ಮೆಣಸಿನಕಾಯಿಯನ್ನೋ ಬೀಸಿದ ಕೂಡಲೇ ನಿಮ್ಮದನ್ನು ಹಾಕಿಸಬೇಡಿ. ಮನೆಗೆ ತಂದ ಮೇಲೆ ಸಣ್ಣ ಜರಡಿಯಲ್ಲಿ ಒಮ್ಮೆ ಸೋಸಿ, ಮೇಲೆ ಉಳಿದ ದಪ್ಪ ತೌಡನ್ನು ದೊಡ್ಡವರ ರೊಟ್ಟಿಗೆ ಸೇರಿಸಿ.

ಹೊಸ ಹಿಟ್ಟಿಗೂ ಹಳೇ ಹಿಟ್ಟಿಗೂ ಬಹಳ ಅಂತರ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶ ಇದೆ. ಬೀಸಿದ ಮೇಲೆ ಅದು ಗಾಳಿಗೆ ತೆರೆದುಕೊಂಡು ನಿಧಾನಕ್ಕೆ ಕಮಟುತ್ತದೆ. ಕಲಬುರಗಿಯಲ್ಲಿ 42 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಇದು ಇನ್ನೂ ಬೇಗ. ಬೇಸಿಗೆಯಲ್ಲಿ ಎಂಟ್ಹತ್ತು ದಿನಕ್ಕಾಗುವಷ್ಟು ಮಾತ್ರ ಬೀಸಿಸಿ, ಫ್ರಿಜ್ ಇದ್ದರೆ ಕೂಸಿನ ಹಿಟ್ಟನ್ನು ಅದರಲ್ಲಿಡಿ. ನಾಲಿಗೆಗೆ ಚಿಟಿಕೆ ಹಿಟ್ಟು ಹಚ್ಚಿ ನೋಡಿ. ಕಹಿ ತಗುಲಿದರೆ ಎಷ್ಟು ಬಾಳೆಹಣ್ಣು ಹಾಕಿದರೂ ಅದು ಮುಚ್ಚುವುದಿಲ್ಲ, ಕೂಸು ಉಗುಳುತ್ತದೆ.

ನೀರಿನ ಮಾತು ಈ ಭಾಗದಲ್ಲಿ ಹೇಳಲೇಬೇಕು. ಯಾದಗಿರಿ, ಕಲಬುರಗಿ ಜಿಲ್ಲೆಗಳ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅಂಥ ಊರಲ್ಲಿದ್ದರೆ ಎಸರಿಗೂ ಬೇಳೆ ನೆನೆಸುವುದಕ್ಕೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ರೊಟ್ಟಿ ಬೇಯಿಸುವ ತೆಳು ಕಬ್ಬಿಣದ ಹಂಚು ಜೋರು ಉರಿಗೆ ಮಾಡಿದ್ದು. ಪ್ಯಾನ್‌ಕೇಕಿಗೆ ದಪ್ಪ ತಳದ ಹಂಚು ಅಥವಾ ದೋಸೆ ಕಾವಲಿ ಬೇಕು, ಅದಕ್ಕೊಂದು ಮುಚ್ಚಳ ಬೇಕು. ಕಬ್ಬಿಣದ ಹಂಚಿದ್ದರೆ ಅದನ್ನೇ ಬಳಸಿ. ಅಡುಗೆಗೆ ಸ್ವಲ್ಪ ಕಬ್ಬಿಣಾಂಶ ಸೇರುತ್ತದೆ, ಮೊಸರು ಹಾಕಿದ ಹುಳಿ ಹಿಟ್ಟಿನಲ್ಲಿ ಇನ್ನೂ ಚೂರು ಹೆಚ್ಚು. ಮೇಲ್ಪದರ ಎದ್ದ ನಾನ್‌ಸ್ಟಿಕ್ ತವಾ ಬೇಡ.

ಮುಂದಿನ ಅಳತೆಗಳಲ್ಲಿ ದೊಡ್ಡ ಚಮಚ ಎಂದರೆ 15 ಮಿಲಿ, ಸಣ್ಣ ಚಮಚ ಎಂದರೆ 5 ಮಿಲಿ. ಲೋಟ 200 ಮಿಲಿ ಹಿಡಿಯುವಂಥದ್ದು.

ಮೊದಲ ಪಾಕ: ಜೋಳ, ಬಾಳೆಹಣ್ಣು, ತತ್ತಿ

ಜೋಳದ ಹಿಟ್ಟು ಮಟ್ಟಸವಾಗಿ ಅರ್ಧ ಲೋಟಕ್ಕೆ ಸ್ವಲ್ಪ ಹೆಚ್ಚು, ತೂಕದಲ್ಲಿ 60 ಗ್ರಾಂ. ಕುದಿಯುವ ನೀರು 60 ಮಿಲಿ, ಎಂದರೆ ನಾಲ್ಕು ದೊಡ್ಡ ಚಮಚ. ಚೆನ್ನಾಗಿ ಮಾಗಿದ ಬಾಳೆಹಣ್ಣು ದೊಡ್ಡದಾದರೆ ಅರ್ಧ, ಏಲಕ್ಕಿ ಬಾಳೆಯಾದರೆ ಒಂದು. ತತ್ತಿ ಒಂದು. ತುಪ್ಪ ಒಂದು ಸಣ್ಣ ಚಮಚ, ಹಂಚಿಗೆ ಸವರಲು ಬೇರೆ. ಹದಕ್ಕೆ ತರಲು ಕಾಯಿಸಿದ ನೀರು ಅಥವಾ ಎದೆಹಾಲು ಒಂದೆರಡು ದೊಡ್ಡ ಚಮಚ. ಎರಡು ಇಂಚು ಅಗಲದವು ಹನ್ನೆರಡರಿಂದ ಹದಿನೈದು ಆಗುತ್ತವೆ. ಕೂಸಿಗೆ ಒಂದೆರಡು ಸಾಕು, ಉಳಿದವು ಮನೆಯ ಬೇರೆ ಮಕ್ಕಳಿಗೆ.

1. ಹಿಟ್ಟನ್ನು ಅಗಲ ಬಟ್ಟಲಲ್ಲಿ ಹಾಕಿ ನಡುವೆ ಗುಂಡಿ ಮಾಡಿ. ನೀರು ದೊಡ್ಡ ಗುಳ್ಳೆ ಬಿಟ್ಟು ಕುದಿಯುತ್ತಿರುವಾಗಲೇ ಅಳೆದು ಗುಂಡಿಗೆ ಸುರಿದು, ಚಮಚದ ಹಿಡಿಯಿಂದ ಬೇಗ ಕೂಡಿಸಿ. ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಒಳಗಿನ ಹಬೆಯಲ್ಲಿ ಒಣಗಿ ಉಳಿದ ಹಿಟ್ಟೂ ನೆನೆಯುತ್ತದೆ.

2. ಕೈ ತಡೆಯುವಷ್ಟು ಆರಿದ ಮೇಲೆ ಅಂಗೈಯ ತಳದಿಂದ ಎರಡು ನಿಮಿಷ ನಾದಿ. ಮುದ್ದೆ ಬಿರಿಯದೆ ನುಣ್ಣಗಾದರೆ ಎಸರು ಸರಿಯಾಗಿದೆ. ಅಂಚು ಸೀಳಿದರೆ ಮತ್ತೆ ಒಂದು ಸಣ್ಣ ಚಮಚ ಬಿಸಿನೀರು ಹಾಕಿ ನಾದಿ. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಹಂತದಲ್ಲೂ ಸರಿಪಡಿಸಲು ಬರುವುದಿಲ್ಲ.

3. ಬಾಳೆಹಣ್ಣನ್ನು ಬೇರೆ ಬಟ್ಟಲಲ್ಲಿ ಗಂಟಿಲ್ಲದಂತೆ ಕಿವುಚಿ, ಮುದ್ದೆಗೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಬೆರಳಲ್ಲಿ ಹಿಸುಕಿ. ಒಂದೇ ಸಲ ಹಾಕಿದರೆ ಮುದ್ದೆ ಉಂಡೆಯಾಗಿ ತೇಲುತ್ತದೆ.

4. ಮುದ್ದೆ ಪೂರಾ ಆರಿದೆಯೇ ಎಂದು ಬೆರಳಿಟ್ಟು ನೋಡಿ, ಆಮೇಲೆ ತತ್ತಿ ಒಡೆಯಿರಿ. ಬಿಸಿ ಇದ್ದರೆ ತತ್ತಿ ಅಲ್ಲೇ ಬೆಂದು ಬಿಳಿ ಎಳೆ ಎಳೆಯಾಗುತ್ತದೆ. ತತ್ತಿಯನ್ನು ಮೊದಲೇ ನೊರೆ ಬರುವವರೆಗೆ ಕದಡಿ ಸೇರಿಸಿದರೆ ಪ್ಯಾನ್‌ಕೇಕ್ ಹಗುರ. ಸೋಡಾ ಮಾಡುವ ಕೆಲಸವನ್ನು ಇಲ್ಲಿ ಆ ನೊರೆ ಮಾಡುತ್ತದೆ.

5. ತುಪ್ಪ ಹಾಕಿ ಕಲಸಿ, ನೀರಿನಿಂದ ಹದ ಮಾಡಿ. ಚಮಚದಲ್ಲಿ ಎತ್ತಿ ಓರೆ ಮಾಡಿದರೆ ಹಿಟ್ಟು ನಿಧಾನಕ್ಕೆ ಜಾರಿ ಬೀಳಬೇಕು. ಧಾರೆಯಾಗಿ ಹರಿದರೆ ತೆಳುವಾಯಿತು. ಹತ್ತು ನಿಮಿಷ ಮುಚ್ಚಿಡಿ. ಇದು ಇಡ್ಲಿ ಹಿಟ್ಟಿನಷ್ಟು ಗಟ್ಟಿ ಇರಬೇಕು, ದೋಸೆ ಹಿಟ್ಟಿನಷ್ಟು ನೀರಾಗಬಾರದು.

6. ಹಂಚು ಕಾಯಿಸಿ ಉರಿ ಸಣ್ಣ ಮಾಡಿ ಒಂದು ನಿಮಿಷ ಬಿಡಿ. ನೀರು ಚಿಮುಕಿಸಿದರೆ ಹನಿಗಳು ಗುಂಡಾಗಿ ಕುಣಿದಾಡಿದರೆ ಹಂಚು ಬಹಳ ಕಾದಿದೆ. ಚುಂಯ್ ಎಂದು ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಕಟ್ಟಿಗೆ ಒಲೆಯಾದರೆ ಉರಿಯುವ ಕೊಳ್ಳಿ ಹಿಂದಕ್ಕೆಳೆದು ಕೆಂಡದ ಮೇಲೆ ಬೇಯಿಸಿ.

7. ತುಪ್ಪ ಸವರಿ, ಒಂದೊಂದು ದೊಡ್ಡ ಚಮಚ ಹಿಟ್ಟು ಬಿಟ್ಟು ಚಮಚದ ಬೆನ್ನಿನಿಂದ ಅರ್ಧ ಸೆಂಟಿಮೀಟರಿಗೆ ತುಸು ಮೇಲೆ ದಪ್ಪ ಉಳಿಯುವಂತೆ ಹರಡಿ. ಮುಚ್ಚಿ ಎರಡೂವರೆ ನಿಮಿಷ ಬಿಡಿ. ಸೋಡಾ ಇಲ್ಲದ್ದರಿಂದ ಮೇಲೆ ತೂತು ಬೀಳಲಿ ಎಂದು ಕಾಯಬೇಡಿ. ಹಸಿ ಹೊಳಪು ಹೋಗಿ ಮೇಲ್ಮೈ ಮಬ್ಬಾಗಿದ್ದರೆ, ಅಂಚು ತಾನಾಗಿ ಎದ್ದಿದ್ದರೆ ತಿರುವಿ ಹಾಕುವ ಹೊತ್ತು. ಇನ್ನೊಂದು ಮಗ್ಗುಲು ಒಂದೂವರೆ ನಿಮಿಷ.

ಮೊದಲನೆಯದನ್ನು ಹರಿದು ಒಳಗೆ ನೋಡಿ. ನಡುವೆ ಹೊಳೆಯುವ ಹಸಿ ಪಟ್ಟಿ ಇದ್ದರೆ ಉರಿ ಇನ್ನೂ ಸಣ್ಣ ಮಾಡಿ, ಸಮಯ ಹೆಚ್ಚಿಸಿ. ಕೂಸಿಗೆ ತತ್ತಿ ಪೂರ್ತಿ ಬೆಂದಿರಲೇಬೇಕು.

ತತ್ತಿ ತಿನ್ನದ ಮನೆಗೆ: ಹೆಸರುಬೇಳೆಯದು

ಇದನ್ನು ತತ್ತಿಯದಕ್ಕೆ ಎರಡನೆಯ ದರ್ಜೆಯ ಬದಲಿ ಎಂದು ತಿಳಿಯಬೇಡಿ. ಹೆಸರುಬೇಳೆಯ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಹಿಟ್ಟನ್ನು ತಾನೇ ಹಿಡಿಯುತ್ತದೆ. 100 ಗ್ರಾಂ ಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನು ಇದೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲ ಬೇಳೆಯಲ್ಲಿ ಧಾರಾಳ. ಮೂರೂ ಜಿಲ್ಲೆಗಳಲ್ಲಿ ಮುಂಗಾರಿಗೆ ಹೆಸರು ಬೆಳೆಯುತ್ತಾರೆ, ಹೊಸ ಬೇಳೆ ಸಿಗುವ ಹೊತ್ತಿಗೆ ತಂದಿಟ್ಟುಕೊಂಡರೆ ಬೇಗ ನೆನೆಯುತ್ತದೆ, ನುಣ್ಣಗೆ ಅರೆಯುತ್ತದೆ.

ಸಿಪ್ಪೆ ತೆಗೆದ ಹೆಸರುಬೇಳೆ 50 ಗ್ರಾಂ ತೊಳೆದು ಮೂರು ನಾಲ್ಕು ತಾಸು ನೆನೆಸಿ, ನೆನೆಸಿದ ನೀರು ಚೆಲ್ಲಿ. ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಹೊರಗಿಟ್ಟರೆ ವಾಸನೆ ಬರುತ್ತದೆ. ಮೂರು ದೊಡ್ಡ ಚಮಚ ನೀರು ಹಾಕಿ ಬೆರಳಿಗೆ ತರಿ ಹತ್ತದಂತೆ ಅರೆಯಿರಿ. 30 ಗ್ರಾಂ ಜೋಳದ ಹಿಟ್ಟಿಗೆ ಎರಡು ದೊಡ್ಡ ಚಮಚ ಎಸರು ಹಾಕಿ ಮೊದಲಿನಂತೆ ಮುಚ್ಚಿಟ್ಟು, ನಾದಿ, ಅರೆದ ಬೇಳೆಯಲ್ಲಿ ಕರಗಿಸಿ. ಹಬೆಯಲ್ಲಿ ಬೆಂದ ಗಜ್ಜರಿ 30 ಗ್ರಾಂ ಕಿವುಚಿ ಹಾಕಿ. ಮನೆಯ ಮೊಸರು ಒಂದು ದೊಡ್ಡ ಚಮಚ, ಹುರಿದು ಪುಡಿ ಮಾಡಿದ ಜೀರಿಗೆ ಒಂದು ಚಿಟಿಕೆ, ತುಪ್ಪ ಒಂದು ಸಣ್ಣ ಚಮಚ. ಉಪ್ಪು ಇಲ್ಲ. ಮುಚ್ಚಿ ಸಣ್ಣ ಉರಿಯಲ್ಲಿ ಮೂರು ನಿಮಿಷ, ತಿರುವಿ ಎರಡು ನಿಮಿಷ. ಬೇಳೆ ಅರೆಬೆಂದರೆ ಕೂಸಿಗೆ ಹೊಟ್ಟೆ ಉಬ್ಬರಿಸುತ್ತದೆ, ಆದ್ದರಿಂದ ತತ್ತಿಯದಕ್ಕಿಂತ ತುಸು ತೆಳ್ಳಗೆ ಹರಡಿ.

ಗಜ್ಜರಿಯನ್ನು ಹಸಿಯಾಗಿ ತುರಿದು ಹಾಕುವ ರೂಢಿ ಇದೆ. ಒಂದು ವರ್ಷದೊಳಗಿನ ಕೂಸಿಗೆ ಅದು ಬೇಡ. ಐದು ನಿಮಿಷದ ಹಂಚಿನ ಬಿಸಿಗೆ ತುರಿ ಬೇಯುವುದಿಲ್ಲ, ಗಟ್ಟಿ ಎಳೆ ಗಂಟಲಿಗೆ ಸಿಕ್ಕುತ್ತದೆ.

ತೊಗರಿಬೇಳೆ ಕಟ್ಟಿನದು

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಅದು ದಿನವೂ ನಮ್ಮ ಒಲೆಯ ಮೇಲೆ ಬೇಯುವ ಬೇಳೆ. ಕೂಸಿಗೆ ಅದನ್ನು ಹಸಿಯಾಗಿ ನೆನೆಸಿ ಅರೆಯುವುದಕ್ಕಿಂತ ಬೇಯಿಸಿ ಹಾಕುವುದೇ ಸರಿ. ಮನೆಗೆ ಬೇಳೆ ಬೇಯಿಸಿದಾಗ ಉಪ್ಪು, ಖಾರ, ಒಗ್ಗರಣೆ ಬೀಳುವ ಮೊದಲೇ ಗಟ್ಟಿ ಬೇಳೆ ಮೂರು ದೊಡ್ಡ ಚಮಚ, ಮೇಲಿನ ಕಟ್ಟು ನಾಲ್ಕು ದೊಡ್ಡ ಚಮಚ ತೆಗೆದಿಡಿ.

ಕಟ್ಟನ್ನೇ ಮತ್ತೆ ಕುದಿಸಿ ಎಸರಾಗಿ 60 ಗ್ರಾಂ ಜೋಳದ ಹಿಟ್ಟಿಗೆ ಸುರಿಯಿರಿ. ಬರೀ ನೀರಿನ ಎಸರಿಗಿಂತ ಇದು ಹಿಟ್ಟನ್ನು ಚೆನ್ನಾಗಿ ಹಿಡಿಯುತ್ತದೆ, ರುಚಿಯೂ ಹೆಚ್ಚು. ಬೇಳೆಯನ್ನು ಕಿವುಚಿ ಹಾಕಿ, ಹಬೆಯಲ್ಲಿ ಬೆಂದ ಸಿಹಿ ಕುಂಬಳ 50 ಗ್ರಾಂ ಸೇರಿಸಿ. ಕುಂಬಳಕಾಯಿಯನ್ನು ನೀರಲ್ಲಿ ಕುದಿಸಬೇಡಿ, ನೀರು ಕುಡಿದು ಹಿಟ್ಟನ್ನು ಸಡಿಲ ಮಾಡುತ್ತದೆ. ತತ್ತಿಯೂ ಇಲ್ಲ, ಹಸಿ ಬೇಳೆಯ ಹಿಡಿತವೂ ಇಲ್ಲದ್ದರಿಂದ ಇದು ಮೂರರಲ್ಲಿ ಬಹಳ ಮೆದು. ಒಂದೂವರೆ ಇಂಚಿಗಿಂತ ಅಗಲ ಮಾಡಬೇಡಿ. ಕೂಸಿಗೆ ಗೋಧಿ ಈಗಾಗಲೇ ರೂಢಿಯಾಗಿದ್ದರೆ ಒಂದು ದೊಡ್ಡ ಚಮಚ ಗೋಧಿ ಹಿಟ್ಟು ಸೇರಿಸಿದರೆ ತಿರುವಿ ಹಾಕುವುದು ಸುಲಭ.

ಕೆಡುವುದು ಎಲ್ಲಿ, ಯಾಕೆ

ತಿರುವಿ ಹಾಕುವಾಗ ಒಡೆಯುತ್ತದೆ ಎಂಬುದು ಎಲ್ಲರ ಮೊದಲ ದೂರು. ಬಹಳ ಸಲ ಕಾರಣ ಎಸರು ಆರಿದ್ದು. ಒಲೆಯಿಂದ ಇಳಿಸಿ, ಅಳತೆ ಲೋಟ ಹುಡುಕಿ, ಆಮೇಲೆ ಸುರಿಯುವ ಹೊತ್ತಿಗೆ ನೀರಿನ ಬಿಸಿ ಇಳಿದಿರುತ್ತದೆ. ಅದರಲ್ಲೂ ಬರೀ ನಾಲ್ಕು ಚಮಚ ನೀರು ಸ್ಟೀಲಿನ ತಣ್ಣನೆ ಬಟ್ಟಲಿಗೆ ಬಿದ್ದ ಕೂಡಲೇ ಆರುತ್ತದೆ. ಬೀದರಿನ ಚಳಿಗಾಲದ ಬೆಳಗಿನಲ್ಲಿ ಇದು ಎದ್ದು ಕಾಣುತ್ತದೆ. ಬಟ್ಟಲನ್ನು ಮೊದಲು ಬಿಸಿನೀರಲ್ಲಿ ತೊಳೆದು ಒರೆಸಿಕೊಳ್ಳಿ. ಇನ್ನೂ ಭದ್ರವಾದ ದಾರಿ ಎಂದರೆ ಸಣ್ಣ ಪಾತ್ರೆಯಲ್ಲಿ ನೀರು ಕುದಿಯುತ್ತಿರುವಾಗ ಉರಿ ಆರಿಸಿ, ಹಿಟ್ಟನ್ನೇ ಆ ನೀರಿಗೆ ಸುರಿದು ಕೂಡಿಸುವುದು. ಎಸರು ಸರಿಯಿದ್ದೂ ಒಡೆದರೆ ಹಣ್ಣು ಹೆಚ್ಚಾಗಿದೆ. ಸಿಹಿ ಇರಲಿ ಎಂದು ಪೂರ್ತಿ ದೊಡ್ಡ ಬಾಳೆಹಣ್ಣು ಹಾಕಿದರೆ ಹಿಡಿಯುವ ಪಿಷ್ಟಕ್ಕಿಂತ ನೀರಂಶ ಜಾಸ್ತಿಯಾಗುತ್ತದೆ.

ಹೊರಗೆ ಕೆಂಪಗೆ, ಒಳಗೆ ಹಸಿ ಎಂದರೆ ಉರಿ ಜೋರು. ಬಾಳೆಹಣ್ಣಿನ ಸಕ್ಕರೆ ಬೇಗ ಕಂದುತ್ತದೆ, ಬಣ್ಣ ನೋಡಿ ಬೆಂದಿದೆ ಎಂದುಕೊಳ್ಳುತ್ತೇವೆ. ಕೂಸಿನ ಪ್ಯಾನ್‌ಕೇಕಿಗೆ ಬಣ್ಣ ಬೇಕಿಲ್ಲ, ಹಳದಿಯಿಂದ ತಿಳಿಗಂದು ಸಾಕು. ಗರಿಯಾದ ಅಂಚನ್ನು ಕತ್ತರಿಸಿ ತೆಗೆಯಿರಿ.

ಅಂಗುಳಿಗೆ ಅಂಟುತ್ತದೆಯೇ? ಇದು ಒಡೆಯುವುದಕ್ಕಿಂತ ದೊಡ್ಡ ದೋಷ, ಉಸಿರಿಗೆ ಅಡ್ಡ ಬರುವಂಥದ್ದು. ಬರೀ ಅಕ್ಕಿ ಹಿಟ್ಟು ಮತ್ತು ಬಾಳೆಹಣ್ಣಿನಿಂದ ಮಾಡಿದವು ಹೀಗಾಗುತ್ತವೆ. ಪರೀಕ್ಷೆ ಸುಲಭ. ಒಂದು ತುಂಡನ್ನು ಹೆಬ್ಬೆಟ್ಟು ತೋರುಬೆರಳ ನಡುವೆ ಒತ್ತಿ. ಹಿಸುಕಿ ಚೂರಾದರೆ ಕೊಡಬಹುದು. ಚಪ್ಪಟೆಯಾಗಿ ಬೆರಳಿಗೆ ಹತ್ತಿಕೊಂಡರೆ ಕೊಡಬೇಡಿ, ಆ ಹಿಟ್ಟಿಗೆ ಅರೆದ ಹೆಸರುಬೇಳೆ ಸೇರಿಸಿ ಮತ್ತೆ ಮಾಡಿ.

ಆರಿದ ಮೇಲೆ ಒಣಗಿ ಬಿರುಸಾಗುವುದು ಜೋಳದ ಗುಣ, ರೊಟ್ಟಿ ಕಟಿಯಾಗುವ ಹಾಗೆಯೇ. ಹಿಟ್ಟಿನಲ್ಲೇ ತುಪ್ಪ, ಹಂಚಿನ ಮೇಲೆ ಮುಚ್ಚಳ, ಇಳಿಸಿದ ಕೂಡಲೇ ಬಟ್ಟೆ ಹಾಸಿದ ಡಬ್ಬಿ, ಈ ಮೂರು ಇದ್ದರೆ ಎರಡು ತಾಸು ಮೆತ್ತಗಿರುತ್ತದೆ.

ಹಾಕಬಾರದವು

ಒಂದು ವರ್ಷ ತುಂಬುವವರೆಗೆ ಉಪ್ಪು ಹಾಕಬೇಡಿ. ಎರಡು ವರ್ಷದವರೆಗೆ ಸಕ್ಕರೆ ಬೇಡ, ಬೆಲ್ಲವೂ ಬೇಡ. ಬೆಲ್ಲದಲ್ಲಿ ಕಬ್ಬಿಣ ಇದೆ ಎಂಬ ಮಾತು ಮನೆಮನೆಯಲ್ಲಿ ಇದೆ. ಕೂಸು ತಿನ್ನುವ ಚಿಟಿಕೆಯಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು, ಆದರೆ ಸಿಹಿಯ ರೂಢಿ ಮಾತ್ರ ಪೂರ್ತಿ ಹತ್ತುತ್ತದೆ. ಅಂಗನವಾಡಿಯಿಂದ ತಂದ ಪುಷ್ಟಿ ಹಿಟ್ಟನ್ನು ಸೇರಿಸುವುದಾದರೆ ಪಾಕೀಟಿನ ಮೇಲೆ ಓದಿ, ಸಿಹಿ ಇದ್ದರೆ ಹಣ್ಣು ಬಿಟ್ಟುಬಿಡಿ.

ಜೇನುತುಪ್ಪದ ವಿಷಯದಲ್ಲಿ ಯಾರ ಒತ್ತಾಯಕ್ಕೂ ಬಗ್ಗಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಅದರಲ್ಲಿರಬಹುದಾದ ಬಾಟ್ಯುಲಿಸಮ್ ರೋಗಾಣುವಿನ ಬೀಜಕಗಳು ಜೀವಕ್ಕೆ ಅಪಾಯ. ಹಂಚಿನ ಬಿಸಿಗೆ ಅವು ಸಾಯುವುದಿಲ್ಲ, ಬೇಯಿಸಿದರೆ ಆಯಿತು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಅಡುಗೆ ಸೋಡಾದಲ್ಲಿ ಸೋಡಿಯಂ ಇದೆ, ಮೇಲಾಗಿ ಅದು ಧಾನ್ಯದ ಬಿ1 ಜೀವಸತ್ವವನ್ನು ಕೆಡಿಸುತ್ತದೆ. ಉಬ್ಬಲೇಬೇಕೆಂದರೆ ಹುದುಗಿದ ದೋಸೆ ಹಿಟ್ಟು ಎರಡು ಚಮಚ ಸೇರಿಸಿ. ಅರೆದ ಕೂಡಲೇ, ಉಪ್ಪು ಬೀಳುವ ಮೊದಲು, ಕೂಸಿನ ಪಾಲನ್ನು ಬೇರೆ ಪಾತ್ರೆಗೆ ತೆಗೆಯಿರಿ. ಮೇ ತಿಂಗಳಲ್ಲಿ ಐದಾರು ತಾಸಿಗೇ ಹುಳಿಯಾಗುತ್ತದೆ, ಡಿಸೆಂಬರಿನಲ್ಲಿ ರಾತ್ರಿಯಿಡೀ ಬೇಕು.

ಇಡೀ ಶೇಂಗಾ, ಬಾದಾಮಿ, ಗೋಡಂಬಿ ಚೂರುಗಳನ್ನು ಐದು ವರ್ಷದವರೆಗೆ ಹಾಕಬೇಡಿ, ಗಂಟಲಿಗೆ ಸಿಕ್ಕುತ್ತವೆ. ಆದರೆ ಶೇಂಗಾದ ರುಚಿಯನ್ನೇ ದೂರ ಇಡಬೇಕಿಲ್ಲ. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆದು ಅರ್ಧ ಸಣ್ಣ ಚಮಚ ಹಿಟ್ಟಿಗೆ ಸೇರಿಸಿ. ಮೊದಲ ವರ್ಷದಲ್ಲೇ ಶೇಂಗಾ, ತತ್ತಿ ರೂಢಿ ಮಾಡಿದರೆ ಅವುಗಳ ಅಲರ್ಜಿಯ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದು ಈಗ ಖಚಿತವಾಗಿದೆ. ಮುದುಡಿದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಆರಿಸಿ ಎಸೆಯಿರಿ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ.

ಹೊಸ ಪದಾರ್ಥವನ್ನು ಒಂದೊಂದಾಗಿ, ಹಗಲು ಹೊತ್ತಿನಲ್ಲಿ, ಚೂರು ಪ್ರಮಾಣದಲ್ಲಿ ಕೊಟ್ಟು ಎರಡು ತಾಸು ಕಣ್ಣಿಟ್ಟಿರಿ. ಮೈಮೇಲೆ ದದ್ದು, ತುಟಿ ಬಾವು, ಪದೇ ಪದೇ ವಾಂತಿ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಮೈಮೇಲೆ ಜೋರಾದ ಇಸುಬು ಇರುವ ಕೂಸಿಗೆ ಶೇಂಗಾ, ತತ್ತಿ ಕೊಡುವ ಮೊದಲೇ ವೈದ್ಯರನ್ನು ಕೇಳಬೇಕು.

ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ

ಆರು ತಿಂಗಳ ನಂತರ ಕೂಸಿಗೆ ಎದೆಹಾಲಿನಿಂದ ಸಿಗುವ ಕಬ್ಬಿಣ ಸಾಲುವುದಿಲ್ಲ, ಊಟದಿಂದಲೇ ಬರಬೇಕು. ಜೋಳ, ಬೇಳೆಗಳಲ್ಲಿ ಕಬ್ಬಿಣ ಇದೆ. ಜೊತೆಗೆ ಅದನ್ನು ಕಟ್ಟಿಹಾಕುವ ಫೈಟೇಟ್ ಕೂಡ ಇದೆ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಫೈಟೇಟನ್ನು ತಗ್ಗಿಸುತ್ತವೆ. ತಿನ್ನಿಸುವಾಗ ಸಿ ಜೀವಸತ್ವ ಇರುವ ಏನಾದರೂ ಜೊತೆಗಿರಲಿ. ಬೀಜ ಸೋಸಿದ ಪೇರಲ ಹಣ್ಣಿನ ತಿರುಳು, ಬೇಯಿಸಿ ಸೋಸಿದ ಟೊಮ್ಯಾಟೊ, ಹಿಟ್ಟಿಗೆ ಹಿಂಡದೆ ಬೆಂದ ಪ್ಯಾನ್‌ಕೇಕಿನ ಮೇಲೆ ನಾಲ್ಕು ಹನಿ ನಿಂಬೆರಸ, ಯಾವುದಾದರೂ ಆದೀತು.

ಇನ್ನೊಂದು ಮಾತು ಕಟುವಾಗಿಯೇ ಹೇಳುತ್ತೇವೆ. ಚಹಾದಲ್ಲಿ ಟೋಸ್ಟ್, ಬಿಸ್ಕೀಟು ಅದ್ದಿ ವರ್ಷ ತುಂಬದ ಕೂಸಿಗೂ ತಿನ್ನಿಸುವುದು ನಮ್ಮ ಕಡೆ ಸಾಮಾನ್ಯ. ಚಹಾದ ಒಗರು ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಇಷ್ಟೆಲ್ಲ ಮಾಡಿ ಕೊಟ್ಟ ಪ್ಯಾನ್‌ಕೇಕನ್ನು ಚಹಾದಲ್ಲಿ ಅದ್ದಿ ಕೊಟ್ಟರೆ ಬೇಳೆ ನೆನೆಸಿದ್ದೂ ವ್ಯರ್ಥ.

ತಿನ್ನಿಸುವ ಬಗೆ

ಏಳೆಂಟು ತಿಂಗಳಿಗೆ ಕೂಸಿನ ಮುಷ್ಟಿಯಿಂದ ಹೊರಗೆ ಚಾಚುವಂತೆ, ದೊಡ್ಡವರ ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ. ಒಂಬತ್ತು ತಿಂಗಳ ನಂತರ ಎರಡು ಬೆರಳಿಂದ ಹೆಕ್ಕುವುದು ಬರುತ್ತದೆ, ಆಗ ಕಡಲೆಕಾಳಿನಷ್ಟು ಸಣ್ಣ ಮೆತ್ತನೆ ತುಂಡುಗಳು. ಮೊದಲ ಸಲ ಒಂದು ಪಟ್ಟಿ ಸಾಕು. ಎಂಟು ತಿಂಗಳ ಕೂಸಿಗೆ ಒಂದು ಹೊತ್ತಿಗೆ ಒಂದು, ಒಂದೂವರೆ. ವರ್ಷದ ಮಗುವಿಗೆ ಎರಡು ಮೂರು. ತಿನ್ನಲಿಲ್ಲವೆಂದು ತುರುಕಬೇಡಿ. ಎದೆಹಾಲು ಎರಡು ವರ್ಷ ಮತ್ತು ಆಚೆಗೂ ನಡೆಯಲಿ.

ಕೂಸನ್ನು ನೆಟ್ಟಗೆ ಕೂಡಿಸಿ ತಿನ್ನಿಸಿ. ಮಲಗಿದಲ್ಲಿ, ಗಾಡಿಯಲ್ಲಿ ಹೋಗುವಾಗ, ಅಳುವಾಗ, ನಗಿಸುತ್ತ ಕೊಡಬೇಡಿ. ತಿನ್ನುವಾಗ ಕೆಮ್ಮಿ, ಮುಖ ಕೆಂಪಾಗಿ, ಓಕರಿಕೆಯ ಸದ್ದು ಮಾಡಿದರೆ ಕೂಸು ತಾನೇ ತುಂಡನ್ನು ಮುಂದಕ್ಕೆ ತರುತ್ತಿದೆ ಎಂದರ್ಥ, ಬಾಯಿಗೆ ಬೆರಳು ಹಾಕಬೇಡಿ. ಸದ್ದೇ ಇಲ್ಲದೆ, ಅಳಲೂ ಆಗದೆ, ತುಟಿ ನೀಲಿಗಟ್ಟಿದರೆ ಅದು ಉಸಿರು ಕಟ್ಟಿದ್ದು. ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗಿರುವಂತೆ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ತಳದಿಂದ ಐದು ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ, ಮೊಲೆತೊಟ್ಟುಗಳ ಗೆರೆಗೆ ಸ್ವಲ್ಪ ಕೆಳಗೆ, ಎರಡು ಬೆರಳಿಂದ ಐದು ಸಲ ಒತ್ತಿ. ತುಂಡು ಬರುವವರೆಗೆ ಇವೆರಡನ್ನೂ ಸರದಿಯಲ್ಲಿ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಾಣದ ತುಂಡಿಗೆ ಬೆರಳು ಹಾಕಿ ಕೆದಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಇಟ್ಟುಕೊಳ್ಳುವುದು

ಬೇಯಿಸಿದ ಪ್ಯಾನ್‌ಕೇಕ್ ಹೊರಗೆ ಎರಡು ತಾಸು, ಕಡು ಬೇಸಿಗೆಯಲ್ಲಿ ಒಂದೇ ತಾಸು. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಒಂದು ದಿನ. ಕರೆಂಟ್ ತಾಸುಗಟ್ಟಲೆ ಹೋಗುವ ಊರಾದರೆ ಆ ಲೆಕ್ಕವೂ ಬೇಡ. ತತ್ತಿ ಅಥವಾ ಬಾಳೆಹಣ್ಣು ಬಿದ್ದ ಹಿಟ್ಟನ್ನು ಉಳಿಸಬೇಡಿ, ಎಲ್ಲವನ್ನೂ ಬೇಯಿಸಿಬಿಡಿ. ಅರೆದ ಬರೀ ಹೆಸರುಬೇಳೆಯನ್ನು ಮಾತ್ರ ಮರುದಿನಕ್ಕೆ ಫ್ರಿಜ್‌ನಲ್ಲಿ ಇಡಬಹುದು. ಬಿಸಿ ಮಾಡುವಾಗ ಹಂಚಿನ ಮೇಲಿಟ್ಟು ಸುತ್ತ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿ, ಒಂದು ನಿಮಿಷದ ಹಬೆಗೆ ಮತ್ತೆ ಮೆತ್ತಗಾಗುತ್ತದೆ. ಕೂಸು ಕಚ್ಚಿ ಬಿಟ್ಟ ತುಂಡನ್ನು ಇನ್ನೊಂದು ಹೊತ್ತಿಗೆ ಎತ್ತಿಡಬೇಡಿ.

ಎರಡು ವರ್ಷ ದಾಟಿದವರಿಗೆ

ಈಗ ಧಪಾಟಿಯ, ಎಂದರೆ ಮಸಾಲೆ ಹಾಕಿದ ಜೋಳದ ರೊಟ್ಟಿಯ, ರುಚಿಯ ಕಡೆಗೆ ಹೊರಳಬಹುದು. ಜೋಳದ ಹಿಟ್ಟು 80 ಗ್ರಾಂ, ಎಸರು ಐದೂವರೆ ದೊಡ್ಡ ಚಮಚ, ಕಡಲೆ ಹಿಟ್ಟು ಎರಡು ದೊಡ್ಡ ಚಮಚ, ಮೊಸರು ಮೂರು ದೊಡ್ಡ ಚಮಚ, ಎಳೆ ಮೆಂತ್ಯದ ಎಲೆ ಒಂದು ಹಿಡಿ, ಸಣ್ಣಗೆ ಕೊಚ್ಚಿದ ಉಳ್ಳಾಗಡ್ಡಿ ಒಂದು ಚಮಚ, ಅರಿಶಿಣ, ಅಜವಾನ ಚಿಟಿಕೆ, ಉಪ್ಪು ಚಿಟಿಕೆ. ಮೆಂತ್ಯದ ಕಾಂಡ ಬಿಡಿಸಿ ಎಲೆ ಮಾತ್ರ ತಗೊಂಡು, ಕುದಿನೀರಲ್ಲಿ ಅರ್ಧ ನಿಮಿಷ ಅದ್ದಿ ಹಿಂಡಿ ಕೊಚ್ಚಿದರೆ ಕಹಿ ಇಳಿಯುತ್ತದೆ. ಖಾರಪುಡಿ ಮುಟ್ಟಬೇಡಿ.

ಅಗಸಿ ಹುರಿದು ನುಣ್ಣಗೆ ಪುಡಿ ಮಾಡಿಟ್ಟುಕೊಂಡರೆ ತತ್ತಿಯ ಬದಲಿಗೆ ಬರುತ್ತದೆ. ಒಂದು ಸಣ್ಣ ಚಮಚ ಪುಡಿಗೆ ಮೂರು ಸಣ್ಣ ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ, ಅದನ್ನು ಹಿಟ್ಟಿಗೆ ಕಲಸಿ. ಇಡೀ ಕಾಳು ಹಾಕಿದರೆ ಅರೆಯದೆ ಹಾಗೆಯೇ ಹೊರಗೆ ಹೋಗುತ್ತದೆ.

ಅಂಗನವಾಡಿಗೋ ನರ್ಸರಿಗೋ ಡಬ್ಬಿ ಕಟ್ಟುವಾಗ ಬಿಸಿ ಬಿಸಿಯದನ್ನು ಮುಚ್ಚಿದರೆ ಹಬೆ ನೀರಾಗಿ ತಳದವು ನೆನೆಯುತ್ತವೆ, ಬೇಗ ಹಳಸುತ್ತವೆ. ಜಾಳಿಗೆಯ ಮೇಲೆ ಹತ್ತು ನಿಮಿಷ ಆರಿಸಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಡಿ. ಮೊಸರು ಬೇರೆ ಡಬ್ಬಿಯಲ್ಲಿರಲಿ, ಬೇಸಿಗೆಯಲ್ಲಿ ಅದನ್ನು ಕಳಿಸಲೇಬೇಡಿ. ಬದಲಿಗೆ ಎರಡು ಹೋಳು ಪೇರಲ ಹಣ್ಣು, ಬೀಜದ ಭಾಗ ತೆಗೆದು, ತೆಳ್ಳಗೆ ಹೆಚ್ಚಿ ಇಡಿ.